ಕೊಡೆ ಮುಚ್ಚಿದ ಜಾಗ

ಸುತ್ತಿಗೆ ಮಾವ ದೋಣಿ ನೋಡಲು ಬಂದನೆಂದರೆ ದೋಣಿಗಳನ್ನು ದಡಕ್ಕೆಳೆದು ರಿಪೇರಿ ಮಾಡುವ ಆ ಅಂಗಳದಲ್ಲಿ ಮೊದಲು ಗಲಾಟೆ ನಿಲ್ಲಬೇಕಿತ್ತು. ಅಂಗಳದ ಯಜಮಾನ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆಯುತ್ತಿದ್ದ. ಉಜ್ಜುವ ಮೆಷಿನ್ನು, ಕೊರೆಯುವ ಮೆಷಿನ್ನು, ನೀರು ಚಿಮ್ಮಿಸುವ ಪಂಪು, ಯಾರದೋ ರೇಡಿಯೋ, ಎಲ್ಲ ಒಂದೊಂದಾಗಿ ಬಾಯಿ ಮುಚ್ಚುತ್ತಿದ್ದವು. ಬಣ್ಣ ಬಳಿಯುವವನು ಕೈಯಲ್ಲಿ ಕುಂಚ ಹಿಡಿದುಕೊಂಡೇ ನಿಂತುಬಿಡುತ್ತಿದ್ದ. ಕೆಮ್ಮು ಬಂದವನು ಗಂಟಲಲ್ಲೇ ತಡೆದುಕೊಳ್ಳಬೇಕಿತ್ತು. ಯಾಕೆಂದರೆ ಬೇರೆಯವರು ಹಳೇ ದೋಣಿಯನ್ನು ಕಣ್ಣಲ್ಲಿ ನೋಡಿದರೆ ಸುತ್ತಿಗೆ ಮಾವ ಕಿವಿಯಲ್ಲಿ ನೋಡುವವನು.

ವಿದ್ಯೆ ಏನೂ ದೊಡ್ಡದಲ್ಲ. ಸಮುದ್ರದ ಮೇಲೆ ವಾರಗಟ್ಟಲೆ ತಿರುಗಾಡುವ ಸಣ್ಣ ಹಾಯಿದೋಣಿಗಳಿರುತ್ತವಲ್ಲ, ಒಳಗೆ ಎರಡು ಹಾಸಿಗೆ, ಒಂದು ಸ್ಟೌವು, ಬಗ್ಗಿ ನಿಲ್ಲುವಷ್ಟು ಒಂದು ಕೋಣೆ ಇರುವಂಥವು, ಅವುಗಳ ಮೈ ಎರಡು ಪದರ ಫೈಬರಿನದು. ನಡುವೆ ಹಗುರ ಮರದ ತಿರುಳು. ಎಲ್ಲೋ ಒಂದು ತೂತಿನಿಂದ ನೀರು ಇಳಿದರೆ ಆ ತಿರುಳು ಒಳಗೊಳಗೇ ಕೊಳೆಯುತ್ತದೆ. ಹೊರಗೆ ನೋಡಿದರೆ ಬಣ್ಣ ಥಳಥಳ. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಅನ್ನುತ್ತಾರಲ್ಲ, ಹಾಗೆ. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಇರುವ ಕಡೆ 'ಟಣ್' ಅನ್ನುತ್ತದೆ, ಕೊಳೆತ ಕಡೆ 'ದೊಬ್' ಅನ್ನುತ್ತದೆ. ಅಡಿಯಿಂದ ಮುಡಿಯವರೆಗೆ ಅಂಗೈಯಗಲ ಜಾಗವನ್ನೂ ಬಿಡದೆ ತಟ್ಟಿ, 'ಕೊಳ್ಳಿ' ಅಥವಾ 'ಬೇಡ' ಅನ್ನುವುದು ಮಾವನ ಕಸುಬು. ಅವನ 'ಬೇಡ'ಕ್ಕೆ ಎದುರಾಡಿದವರು ಆ ಬಂದರಿನಲ್ಲಿ ಯಾರೂ ಇರಲಿಲ್ಲ.

ಸುತ್ತಿ ಬಳಸಿ ಏನು ಪ್ರಯೋಜನ, ಈಗಲೇ ಹೇಳಿಬಿಡುತ್ತೇನೆ: ಸುತ್ತಿಗೆ ಮಾವನಿಗೆ ಕಿವಿ ಕೇಳುತ್ತಿರಲಿಲ್ಲ.

ಹುಟ್ಟಾ ಕಿವುಡನಲ್ಲ. ಮೊದಲು ಹಕ್ಕಿಗಳು ಹೋದವು, ಆಮೇಲೆ ಕುಕ್ಕರಿನ ಸೀಟಿ ಹೋಯಿತು, ಕೊನೆಗೆ ಒಂದು ದಿನ ಸುತ್ತಿಗೆಯೂ ಹೋಯಿತು. ಹೊಡೆದರೆ ಮಣಿಕಟ್ಟಿಗೆ ಗೊತ್ತಾಗುತ್ತಿತ್ತು, ಕಿವಿಗೆ ಇಲ್ಲ. ಡಾಕ್ಟರು ಕೊಟ್ಟ ಕಿವಿಯಂತ್ರ ಹಾಕಿಕೊಂಡರೆ ಒಳ್ಳೇ ಮರವೂ ಕೊಳೆತ ಮರವೂ ಡಬ್ಬಿ ಬಡಿದಂತೆ ಒಂದೇ ಸಮ. ಎದುರಿಗೆ ನಿಂತವರ ತುಟಿ ನೋಡಿ ಮಾತು ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡ. ಆದರೆ ದೋಣಿಗೆ ತುಟಿ ಎಲ್ಲಿಂದ ಬರಬೇಕು? ಸುತ್ತಿಗೆಯ ದನಿ ಹೋದ ದಿನ ರಾತ್ರಿ ಗೋಡೆ ಕಡೆ ಮುಖ ಮಾಡಿ ಮಲಗಿದವನ ಬೆನ್ನು ಅಲುಗುವುದನ್ನು ನೋಡಿ ಹೆಂಡತಿ ದೀಪ ಹಾಕಿದಳು. ಅವನ ಮುಖ ತನ್ನ ಕಡೆ ತಿರುಗಿಸಿಕೊಂಡು, ತುಟಿ ಕಾಣುವ ಹಾಗೆ ಕೇಳಿದಳು.

"ನನ್ನ ಕಿವಿ ಇದೆಯಲ್ರೀ. ಸತ್ತು ಹೋಗಿದೆಯಾ ಅದು?"

ಬರೀ ಬಾಯಿಮಾತಲ್ಲ ಅದು. ಸುತ್ತಿಗೆ ಮೂಲತಃ ಅವಳ ಅಪ್ಪನದು. ಮಾವ ಹುಡುಗನಾಗಿದ್ದಾಗ ಅವರ ಕೈಕೆಳಗೆ ಕೆಲಸ ಕಲಿತ. ಸುತ್ತಿಗೆಯನ್ನೂ ಮಗಳನ್ನೂ ಒಂದೇ ಮನೆಯಿಂದ ತಂದುಕೊಂಡ ಅಂತ ಅಂಗಳದವರು ಇವತ್ತಿಗೂ ಚೇಷ್ಟೆ ಮಾಡುತ್ತಾರೆ. ಅವಳು ದೋಣಿಗಳ ಹೊಟ್ಟೆಯ ಕೆಳಗೆ ಆಡಿಕೊಂಡು ಬೆಳೆದವಳು. ಟಣ್ ಯಾವುದು, ದೊಬ್ ಯಾವುದು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಂದಿನಿಂದ ಅವಳು ಪ್ರತಿ ದೋಣಿಗೂ ಗಂಡನ ಜೊತೆ ಬರತೊಡಗಿದಳು. ಕೈಯಲ್ಲಿ ಒಂದು ಕಪ್ಪು ಕೊಡೆ. ಮಾವ ತಟ್ಟುತ್ತಾ ಹೋದಂತೆ ಅವಳು ಎದುರಿಗೆ, ಅವನ ಕಣ್ಣಿಗೆ ಬೀಳುವ ಹಾಗೆ ನಿಲ್ಲುವಳು. ಕೊಡೆ ಬಿಚ್ಚಿದ್ದರೆ ಗಟ್ಟಿ. ಮುಚ್ಚಿದರೆ ಪೊಳ್ಳು. ಮೋಡ ಮುಚ್ಚಿದ ದಿನವೂ ಕೊಡೆ ಹಿಡಿದು ನಿಲ್ಲುವ ಹೆಂಗಸಿಗೆ ಅಂಗಳದವರು 'ಕೊಡೆ ಅತ್ತೆ' ಅಂತ ಹೆಸರಿಟ್ಟರು. "ಅತ್ತೆಗೆ ಮಾವ ಕರಗಿಹೋಗ್ತಾರೆ ಅಂತ ಭಯ" ಅಂದು ನಗುತ್ತಿದ್ದರು. ನಗಲಿ. ಇಡೀ ಬಂದರಿನ ಕಿವಿಗೆ ಗಂಡ ಹೆಂಡತಿ ಸೇರಿ ಹೂವಿಟ್ಟಿದ್ದರು, ಅದು ಮಾತ್ರ ಹೆತ್ತ ಮಗಳೂ ಸೇರಿ ಯಾರಿಗೂ ತಿಳಿದಿರಲಿಲ್ಲ. ತನಗಾಗಿ ಅಷ್ಟು ಜನ ಉಸಿರು ಬಿಗಿಹಿಡಿದು ನಿಂತಾಗ ಮಾವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಆದರೂ ಅತ್ತೆಯ ಕೊಡೆ ಒಮ್ಮೆಯೂ ತಪ್ಪಿರಲಿಲ್ಲ, ಹೊಟ್ಟೆಪಾಡು ನಡೆಯುತ್ತಿತ್ತು.

ಹೀಗಿರುವಾಗ ಮಗಳೇ ಒಂದು ದೋಣಿ ಕೊಳ್ಳಲು ಹೊರಟಳು.

ಒಬ್ಬಳೇ ಮಗಳು, ಮನೆಯಲ್ಲಿ ಪುಟ್ಟಿ. ಅಳಿಯ ಗಡಿಯಾರ ರಿಪೇರಿ ಮಾಡುವವನು, ಮಾತು ಕಡಿಮೆ, ಕೈ ಚುರುಕು. ಹೋದ ವರ್ಷ ಪುಟ್ಟಿಯ ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ. ಅಂದಿನಿಂದ ಅವಳು ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಊಟ ಕೊಟ್ಟರೆ ಉಂಡಳು, ಇಲ್ಲದಿದ್ದರೆ ಇಲ್ಲ. ಎದುರು ಮನೆಯ ತಂತಿಯ ಮೇಲೆ ಸಣ್ಣ ಸಣ್ಣ ಬಟ್ಟೆ ಒಣಗಹಾಕಿದ ದಿನ ಇಡೀ ದಿನ ಪರದೆ ಎಳೆದುಕೊಂಡು ಕೂತಳು. ಅಳಿಯ ಹೆದರಿಬಿಟ್ಟಿದ್ದ. ಒಂದು ಭಾನುವಾರ ಸುಮ್ಮನೆ ಗಾಳಿಗೆ ಅಂತ ಅವಳನ್ನು ಬಂದರಿಗೆ ಕರೆತಂದ. ಔಷಧಿ ಅಂಗಡಿ ಇಟ್ಟುಕೊಂಡಿದ್ದ ಮುದುಕರೊಬ್ಬರು, ಮಂಡಿನೋವಿನಿಂದ ಇನ್ನು ದೋಣಿ ಹತ್ತಲಾರೆ ಅಂತ ತಮ್ಮದನ್ನು ಮಾರಲಿಕ್ಕಿಟ್ಟಿದ್ದರು. ಪುಟ್ಟಿ ಏಣಿ ಹತ್ತಿ ಒಳಗೆ ಇಳಿದಳು. ಸ್ಟೌವಿನ ಪಕ್ಕದ ಸಣ್ಣ ಕಪಾಟಿನ ಬಾಗಿಲು ತೆಗೆದಳು, ಅದು ಅವಳ ಕೈಗೇ ಕಿತ್ತು ಬಂತು. ಅವಳು ನಕ್ಕಳು.

ಜೊತೆಗೆ ಬಂದು ಕೆಳಗೆ ನಿಂತಿದ್ದ ಮಾವನಿಗೆ ಆ ನಗು ಕಿಟಕಿಯ ಗಾಜಿನಾಚೆ ಕಂಡಿತು. ಕೇಳಿಸಲಿಲ್ಲ. ಇಡೀ ವರ್ಷ ಮನೆಯವರೆಲ್ಲ ಕಾದಿದ್ದ ನಗು, ಬಂದಾಗ ಅವನ ಕಿವಿಗೆ ದಕ್ಕಲಿಲ್ಲ.

ಪುಟ್ಟಿ, ಅಳಿಯ ಇಬ್ಬರೂ ತೀರ್ಮಾನ ಮಾಡಿಬಿಟ್ಟರು. ದೋಣಿಯಲ್ಲೇ ಇರುವುದು, ದಡದುದ್ದಕ್ಕೂ ಹೋಗುವುದು, ನಿಂತ ಊರಲ್ಲಿ ಗಡಿಯಾರ ರಿಪೇರಿ. ಬಾಡಿಗೆ ಮನೆ ಬಿಟ್ಟರು. ಸಾಮಾನೆಲ್ಲ ಮಾವನ ಮನೆಯ ಹೊರಕೋಣೆಯಲ್ಲಿ ಗೋಡೆಯೆತ್ತರ ಪೇರಿಸಿದರು. "ಅಪ್ಪ ಹೂಂ ಅಂದ್ರೆ ಸಾಕು" ಅಂದಳು ಪುಟ್ಟಿ, "ಅಪ್ಪ ನೋಡಿದ ದೋಣಿಗೆ ನಾನು ಕಣ್ಣು ಮುಚ್ಚಿ ಹತ್ತುತ್ತೀನಿ."

ಪಾತ್ರೆ ತೊಳೆಯುತ್ತಾ ನಿಂತಿದ್ದ ಕೊಡೆ ಅತ್ತೆ ತೊಳೆದದ್ದನ್ನೇ ಮತ್ತೆ ತೊಳೆದಳು. ಅವಳಿಗೊಬ್ಬ ತಮ್ಮನಿದ್ದ. ಅವಳ ಅಪ್ಪನೇ ಮೂಲೆ ಮೂಲೆ ತಟ್ಟಿ ಗಟ್ಟಿ ಅಂದಿದ್ದ ದೋಣಿಯಲ್ಲಿ ಹೋದವನು, ದೋಣಿಯೂ ಬರಲಿಲ್ಲ, ಅವನೂ ಬರಲಿಲ್ಲ. ಆ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಮಾವನೂ ಎತ್ತಲಿಲ್ಲ.

ದೋಣಿ ನೋಡುವ ಬೆಳಗ್ಗೆ ಮಾವ ಮೊದಲು ಕಣ್ಣು, ಮೂಗು, ಬೆರಳಿನ ಕೆಲಸ ಮುಗಿಸಿದ. ಅವು ಇನ್ನೂ ಅವನವೇ ಆಗಿದ್ದವು. ನೆಲದ ಹಲಗೆ ಎತ್ತಿ ಅಡಿಗುಂಡಿಗೆ ಮೂಗು ಹಾಕಿದ. ಕೊಳೆತ ವಾಸನೆ ಇಲ್ಲ, ಹೊಸ ಬಣ್ಣವೂ ಇಲ್ಲ. ಹಳೇ ದೋಣಿಯ ಗುಂಡಿಗೆ ಹೊಸ ಬಣ್ಣ ಬಳಿದಿದ್ದರೆ ಅಲ್ಲೇನೋ ಮುಚ್ಚಿಟ್ಟಿದ್ದಾರೆ ಅಂತ ಲೆಕ್ಕ. ಅಡಿಯಲ್ಲಿ ಭಾರಕ್ಕೆಂದು ಜೋಡಿಸಿದ ಕಬ್ಬಿಣದ ರೆಕ್ಕೆ ಮೈಗೆ ಕೂಡುವ ಗೆರೆಯುದ್ದಕ್ಕೂ ಉಗುರು ಓಡಿಸಿದ, ಬಿರುಕಿಲ್ಲ. ಚುಕ್ಕಾಣಿ ಹಿಡಿದು ಅಲುಗಿಸಿದ. ಹಲ್ಲು ಸಡಿಲಾದಂತೆ ಆಡಲಿಲ್ಲ. ಹಾಯಿಕಂಬ ಹಿಡಿದಿರುವ ತಂತಿಗಳ ಮೇಲೆ ಹತ್ತಿಯ ಉಂಡೆ ಎಳೆದ. ಎಲ್ಲಾದರೂ ಎಳೆ ಕಿತ್ತಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ, ಸಿಕ್ಕಲಿಲ್ಲ. ನೀರು ಒಳಬಿಡುವ ನಲ್ಲಿಗಳು ಸಲೀಸಾಗಿ ತಿರುಗಿದವು. ಇಂಜಿನ್ನಿನ ಎಣ್ಣೆ ಕಪ್ಪಗಿತ್ತು. ನೀರು ಸೇರಿದ್ದರೆ ಹಾಲಿನ ಬಣ್ಣ ಬರಬೇಕಿತ್ತು.

"ಕಪಾಟಿನ ಬಾಗಿಲು ಮಾತ್ರ ನನ್ನ ತಪ್ಪು" ಅಂದರು ಔಷಧಿ ಅಂಗಡಿಯವರು, ಎದುರಿಗೆ ನಿಂತು ನಗುತ್ತಾ. "ನಮ್ಮನೆಯವಳು ಇರೋವರೆಗೂ ಬೈದಳು, ಸರಿಮಾಡಲಿಲ್ಲ."

ಯಜಮಾನ ಸಿಳ್ಳೆ ಹೊಡೆದ. ಅಂಗಳ ನಿಂತಿತು.

ಮೊದಲು ಡೆಕ್ಕು. ಮಾವ ಮಂಡಿಯೂರಿ ತಟ್ಟುತ್ತಾ ಹೋದ. ಕೆಳಗೆ ಏಣಿಯ ಹತ್ತಿರ ಅತ್ತೆ ನಿಂತಿದ್ದಳು, ಕೊಡೆ ಬಿಚ್ಚಿತ್ತು. ಮುಂದಿನ ತುದಿಯಿಂದ ಹಿಂದಿನ ತುದಿವರೆಗೂ ಬಿಚ್ಚಿಯೇ ಇತ್ತು. ಆಮೇಲೆ ಅವನು ಕೆಳಗಿಳಿದು ಮೈ ತಟ್ಟಲು ಶುರುಮಾಡಿದ. ಬಲಗಡೆ ಮುಗಿಯಿತು, ಬಿಚ್ಚಿತ್ತು. ಎಡಗಡೆ, ನೀರಿನ ಗೆರೆಯ ಕೆಳಗೆ, ಹೊಟ್ಟೆ ಉಬ್ಬಿದ ಕಡೆ ಬಂದಾಗ ಕೊಡೆ ಮುಚ್ಚಿತು.

ಮಾವ ಅಲ್ಲೇ ಮತ್ತೊಮ್ಮೆ ತಟ್ಟಿದ. ಒಂದು ಗೇಣು ಸರಿದು ತಟ್ಟಿದ. ಮುಚ್ಚಿಯೇ ಇತ್ತು. ಅಲ್ಲಿಂದ ಹಿಂದಕ್ಕೆ ನಾಲ್ಕು ಮೊಳದಷ್ಟು ಉದ್ದಕ್ಕೂ ಮುಚ್ಚಿಯೇ ಇತ್ತು. ಆ ಜಾಗ ಅಷ್ಟು ಕೊಳೆತಿದ್ದರೆ ದೋಣಿ ಸೌದೆಗೂ ಬಾರದು. ಆದರೆ ಬೆರಳು ಒಪ್ಪಲಿಲ್ಲ. ಅಂಗೈಯಿಟ್ಟು ಒತ್ತಿದರೆ ಮೈ ಕಲ್ಲಿನ ಹಾಗಿತ್ತು. ಅತ್ತೆಯ ಮುಖ ನೋಡಿದ. ಅವಳು ಅವನ ಮುಖ ನೋಡುತ್ತಿರಲಿಲ್ಲ; ಸುತ್ತಿಗೆ ಹಿಡಿದ ಕೈಯನ್ನೇ ನೋಡುತ್ತಿದ್ದಳು. ಕೇಳುವವರು ಹಾಗೆ ನೋಡುವುದಿಲ್ಲ.

ಅವನು ಕೊನೆಯ ಸ್ವಲ್ಪ ಜಾಗಕ್ಕೆ ಬಂದ. ಅತ್ತೆ ಕೊಡೆಯನ್ನು ಮತ್ತೆ ಬಿಚ್ಚಿದ್ದಳು. ಮಾವ ಸುತ್ತಿಗೆ ಎತ್ತಿದ, ಬೀಸಿದ, ಮೈಗೆ ತಾಗುವ ಮುಂಚೆ ಕೂದಲೆಳೆಯಷ್ಟು ದೂರದಲ್ಲಿ ನಿಲ್ಲಿಸಿದ. ತಟ್ಟಲೇ ಇಲ್ಲ.

ಕೊಡೆ ಮುಚ್ಚಿತು.

ಅಯ್ಯೋ ಪುಣ್ಯಾತ್ಗಿತ್ತಿ! ಕಿವಿ ಕೊಡುತ್ತೇನೆ ಅಂದವಳು ಇವಳೇನಾ? ಮಾವ ಅಲ್ಲೇ ದೋಣಿಯ ಹೊಟ್ಟೆಗೆ ಹಣೆಯೊತ್ತಿ ನಿಂತ. ನೋಡಿದವರು, ಎಷ್ಟು ಶ್ರದ್ಧೆಯಿಂದ ಕೇಳುತ್ತಿದ್ದಾನೆ ಅಂದುಕೊಂಡರು. ಹೆಂಡತಿ ಸುಳ್ಳು ಹೇಳುತ್ತಿದ್ದಾಳೆ ಅಂತ ಅವನಿಗೆ ಗೊತ್ತಾಯಿತು. ಆದರೆ ನಿಜ ಏನು ಅಂತ ಗೊತ್ತಾಗಲಿಲ್ಲ. ಅವಳು ಸುಳ್ಳು ಹೇಳಿದ ಮಾತ್ರಕ್ಕೆ ದೋಣಿ ಗಟ್ಟಿಯಾಗಿಬಿಡುತ್ತದೆಯೇ? ಎಲ್ಲಿಂದ ಕೇಳುವುದು ಬಿಟ್ಟಿದ್ದಾಳೋ, ಯಾವುದಕ್ಕೆ ಬಿಚ್ಚಿದ್ದಾಳೋ, ಯಾವುದಕ್ಕೆ ಮುಚ್ಚಿದ್ದಾಳೋ. 'ಕೊಳ್ಳಿ' ಅಂದು, ನಡುನೀರಿನಲ್ಲಿ ಆ ಮೈ ಬಾಯಿಬಿಟ್ಟರೆ ಮಗಳನ್ನು ಕೈಯಾರೆ ಮುಳುಗಿಸಿದಂತೆ. 'ಬೇಡ' ಅಂದರೆ ಅವಳು ವಾಪಸ್ಸು ಆ ಕಿಟಕಿಗೆ, ಆ ಪರದೆಗೆ. 'ಬೇಡ' ಅನ್ನುವುದು ಎಷ್ಟು ಸುಲಭವಾಗಿತ್ತು! ಅವನ ಮಾನ ಉಳಿಯುತ್ತಿತ್ತು, ಅನ್ನ ಉಳಿಯುತ್ತಿತ್ತು, ಹೆಂಡತಿ ರಾತ್ರಿ ನಿದ್ದೆ ಮಾಡುತ್ತಿದ್ದಳು. ಒಂದೇ ಒಂದು ಮಾತು. ಅಂಗಳದಲ್ಲಿ ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ.

ಪುಟ್ಟಿ ಎದುರು ಬಂದು ನಿಂತಳು. ಕಪಾಟಿನ ಆ ಕಿತ್ತ ಬಾಗಿಲನ್ನು ಎದೆಗವಚಿಕೊಂಡಿದ್ದಳು, ಸರಿಮಾಡಿಸಲು ಅಂತ ಆಗಲೇ ಕೆಳಗೆ ತಂದಿದ್ದಳು.

"ಏನಪ್ಪಾ? ಹೇಳಪ್ಪಾ."

ಮಾವ ಬಾಯಿ ತೆರೆದ. ಬೇಡ ಅನ್ನಲೆಂದೇ ತೆರೆದ.

"ನನಗೆ ಕಿವಿ ಕೇಳಲ್ಲ, ಪುಟ್ಟಿ."

ಮೆಲ್ಲಗೆ ಹೇಳಿದೆ ಅಂದುಕೊಂಡ. ಕಿವುಡರಿಗೆ ತಮ್ಮ ದನಿ ಎಷ್ಟಿದೆ ಅಂತ ತಿಳಿಯುವುದಿಲ್ಲ. ಅವನ ಕಿವಿಗಾಗಿ ಗಪ್‌ಚಿಪ್ಪಾಗಿದ್ದ ಅಂಗಳದ ಈ ತುದಿಯಿಂದ ಆ ತುದಿವರೆಗೆ ಆ ಮಾತು ಎಲ್ಲರಿಗೂ ಕೇಳಿಸಿತು. ಕುಂಚ ಹಿಡಿದವನು ತಿರುಗಿದ. ಯಜಮಾನ ಕಟ್ಟಿದ ಕೈ ಬಿಟ್ಟ.

"ಎರಡು ವರ್ಷದಿಂದ ಕೇಳಲ್ಲ. ನಿಮ್ಮಮ್ಮನ ಕೊಡೆ ನೋಡಿ ಹೇಳ್ತಿದ್ದೆ. ಇವತ್ತು ಆ ಕೊಡೆ ನಂಬೋ ಹಾಗಿಲ್ಲ. ತಗೋ." ಸುತ್ತಿಗೆಯ ಹಿಡಿಯನ್ನು ಅವಳ ಕಡೆ ಚಾಚಿದ. "ಚಿಕ್ಕವಳಿದ್ದಾಗ ನಿನಗೂ ಗೊತ್ತಿತ್ತು. ನಿನ್ನ ಜೀವ, ನೀನೇ ಕೇಳು."

ಪುಟ್ಟಿ ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಬಾಗಿಲನ್ನು ಗಂಡನ ಕೈಗಿತ್ತು ಸುತ್ತಿಗೆ ಹಿಡಿದಳು. ಎಡಗಡೆಯ ಹೊಟ್ಟೆಗೆ ಒಂದು ಏಟು ಹಾಕಿದಳು. ಮಾವ ಮೈಯೆಲ್ಲ ಕಣ್ಣಾಗಿ ಜನರ ಮುಖ ನೋಡಿದ. ಔಷಧಿ ಅಂಗಡಿಯವರು ಬಿಗಿಹಿಡಿದ ಉಸಿರು ಬಿಟ್ಟರು. ಅಳಿಯನ ಭುಜ ಇಳಿಯಿತು. ಪುಟ್ಟಿ ಇನ್ನೊಂದು ಕಡೆ ತಟ್ಟಿದಳು, ಮತ್ತೊಂದು ಕಡೆ, ಕೊಡೆ ಮುಚ್ಚಿದ ಜಾಗವನ್ನೆಲ್ಲ ತಟ್ಟಿದಳು. ಆಮೇಲೆ ಮೆಲ್ಲಗೆ ಅಮ್ಮನ ಕಡೆ ತಿರುಗಿದಳು. ಆ ಮುಖ ನೋಡಿದ ಮೇಲೆ ಮಾವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ದೋಣಿ ಗಟ್ಟಿಯಾಗಿತ್ತು.

ಪುಟ್ಟಿ ಬಿಡಲಿಲ್ಲ. ಹಟಕ್ಕೆ ಬಿದ್ದವಳಂತೆ ಡೆಕ್ಕು ಹತ್ತಿ ಅಲ್ಲೂ ಪೂರ್ತಿ ತಟ್ಟಿದಳು. ಮುಂದಿನ ತುದಿಯ ಕೈಗಂಬಿಯ ಬುಡದಲ್ಲಿ ಕೈ ನಿಲ್ಲಿಸಿದಳು. ಮತ್ತೆ ತಟ್ಟಿ, ಸೀಮೆಸುಣ್ಣದಿಂದ ಒಂದು ಸುತ್ತು ಬರೆದಳು. ಅಂಗೈಯಗಲದ ನಿಜವಾದ ಪೊಳ್ಳು ಅಲ್ಲಿತ್ತು. ಕೊರೆದು ತೆಗೆದು ಹೊಸ ಮರ ಕೂರಿಸಿದರೆ ಸರಿಹೋಗುವಂಥದ್ದು. ಆದರೆ ಮಾವ ಅಲ್ಲಿ ತಟ್ಟಿದಾಗ ಕೊಡೆ ಬಿಚ್ಚಿತ್ತು. ಅತ್ತೆ ಅವತ್ತು ಏನನ್ನೂ ಕೇಳಿಯೇ ಇರಲಿಲ್ಲ.

"ಯಾಕಮ್ಮಾ?" ಅಂದಳು ಪುಟ್ಟಿ.

ಅತ್ತೆ ಮುಚ್ಚಿದ ಕೊಡೆಯನ್ನು ಎರಡು ಕೈಯಲ್ಲಿ ಹಿಂಡುತ್ತಿದ್ದಳು. "ನಮ್ಮಪ್ಪ ಗಟ್ಟಿ ಅಂದ ದೋಣೀಲೇ ಕಣೇ ನನ್ನ ತಮ್ಮ ಹೋಗಿದ್ದು. ಗಟ್ಟಿ ದೋಣಿ ಕಟ್ಕೊಂಡು ಏನು ಮಾಡ್ಲಿ ನಾನು? ಒಂದು ಮಗು ಕಳಕೊಂಡಿದ್ದಕ್ಕೇ ನಿನ್ನ ಗತಿ ಹೀಗಾಯ್ತು. ನಿನ್ನನ್ನ ಕಳಕೊಂಡ್ರೆ ನಾನು ಯಾವ ಕಿಟಕಿ ಹತ್ರ ಕೂತ್ಕೊಳ್ಳಲಿ, ಹೇಳೇ?" ಅಂದವಳು ಅಲ್ಲೇ ದೋಣಿ ಬೀಳದಂತೆ ಕೊಟ್ಟಿದ್ದ ಊರುಗೋಲು ಹಿಡಿದು ಕುಸಿದಳು.

ಪುಟ್ಟಿ ಇಳಿದು ಬಂದು ಅಮ್ಮನ ಪಕ್ಕ ಕೂತಳು. ಒಂದೇ ಮಾತು ಹೇಳಿದಳು, "ಇಲ್ಲೇ ಇದ್ರೂ ಕಳಕೊಳ್ತೀಯಮ್ಮಾ." ತುಟಿ ನೋಡುತ್ತಿದ್ದ ಮಾವನಿಗೆ ಆ ಮಾತು ಪೂರ್ತಿ ಸಿಕ್ಕಿತು. ಯಾಕಾದರೂ ಸಿಕ್ಕಿತೋ ಅನ್ನಿಸಿತು.

ಮೆಷಿನ್ನುಗಳು ಮತ್ತೆ ಶುರುವಾದದ್ದು ಅವನಿಗೆ ಅಂಗಾಲಿನಲ್ಲಿ ಗೊತ್ತಾಯಿತು. ಯಾರೂ ಸಿಳ್ಳೆ ಹೊಡೆದಿರಲಿಲ್ಲ.

ಮುಂದಿನದನ್ನು ಹೇಳಲು ನಾಲಿಗೆ ಏಳುವುದಿಲ್ಲ. ಯಜಮಾನ ಸಂಜೆ ಮನೆ ಬಾಗಿಲಿಗೆ ಬಂದ, ಒಳಗೆ ಬರಲಿಲ್ಲ. "ನಿಮಗೋಸ್ಕರ ಕೆಲಸ ನಿಲ್ಲಿಸಿ ಕೈಕಟ್ಟಿ ನಿಲ್ತಿದ್ವಲ್ರೀ" ಅಂದ. "ಮಂಗ ಮಾಡಿದ್ರಲ್ಲ ನಮ್ಮನ್ನ." ಮಾವ ನೋಡಿ ಕೊಟ್ಟ ದೋಣಿಗಳ ಒಡೆಯರು ಒಬ್ಬೊಬ್ಬರಾಗಿ ಬಂದರು. ಪಕ್ಕದ ಬಂದರಿನಿಂದ ಬೇರೊಬ್ಬನನ್ನು ಕರೆಸಿ ಎಲ್ಲವನ್ನೂ ಮತ್ತೆ ತಟ್ಟಿಸಿದರು. ಒಂದರಲ್ಲೂ ತಪ್ಪು ಸಿಗಲಿಲ್ಲ. ಪುಟ್ಟಿಯ ದೋಣಿಯನ್ನೂ ಅವನು ತಟ್ಟಿದ. ಅವಳು ಸುತ್ತು ಬರೆದ ಜಾಗ ಬಿಟ್ಟರೆ ಎಲ್ಲ ಗಟ್ಟಿ ಅಂದ. ಇಷ್ಟಾದರೂ ಮಾವನನ್ನು ಮತ್ತೆ ಯಾರೂ ಕರೆಯಲಿಲ್ಲ. ಕರೆಯುವುದಾದರೂ ಯಾವ ಬಾಯಲ್ಲಿ? ಹೋದ ಮಾನ ಆನೆ ಕೊಟ್ಟರೂ ಬಾರದು.

ಮನೆಯಲ್ಲಿ ಗಂಡ ಹೆಂಡತಿ ಎದುರುಬದುರು ಕೂತು ಊಟ ಮಾಡುತ್ತಿದ್ದರು. ಅತ್ತೆ ಮಾತಾಡಿದರೆ ಮಾವ ತಟ್ಟೆ ನೋಡುತ್ತಿದ್ದ. ಕಿವುಡನಿಗೆ ಜಗಳವಾಡಲು ಅದೊಂದೇ ದಾರಿ, ತುಟಿ ನೋಡದೆ ಇರುವುದು. ಕೆಲವು ದಿನ ಸಹಿಸಿಕೊಂಡು ಅತ್ತೆ ಕೊನೆಗೆ ಅವನ ಗದ್ದ ಹಿಡಿದು ಎತ್ತಿದಳು.

"ಬೇರೆಯವರ ಮಕ್ಕಳ ದೋಣಿಗೆ ನಾನು ಯಾವತ್ತಾದ್ರೂ ಸುಳ್ಳು ಹೇಳಿದೀನೇನ್ರೀ?"

"ನನ್ನ ಮಗಳ ದೋಣಿಗೆ ಹೇಳಿದ್ಯಲ್ಲೇ" ಅಂದ ಮಾವ. "ನಿನ್ನ ಕಿವಿ ನಂದು ಅಂದ್ಕೊಂಡಿದ್ದೆ ನಾನು."

ಅವಳು ಗದ್ದ ಬಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು. ಅವನ ಕಣ್ಣಲ್ಲೂ ಇತ್ತು. ಅನ್ನ ಆರಿಹೋಯಿತು.

ದೋಣಿ ನೀರಿಗಿಳಿದು, ಪೊಳ್ಳು ರಿಪೇರಿಯಾಗಿ, ಕಪಾಟಿಗೆ ಬಾಗಿಲು ಕೂತು, ಹೊರಡುವ ದಿನ ಬಂತು. ಇಬ್ಬರೂ ಬಂದರಿನ ಕಟ್ಟೆಯ ತುದಿಗೆ ಹೋಗಿ ನಿಂತರು, ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟುಕೊಂಡು. ಅಳಿಯ ಹಗ್ಗ ಬಿಚ್ಚಿದ. ಹಾಯಿ ಗಾಳಿ ತುಂಬಿಕೊಂಡು ದೋಣಿ ಕಟ್ಟೆಯಿಂದ ಸರಿಯಿತು, ಆಮೇಲೆ ಬೇಗ ಬೇಗ ದೂರವಾಯಿತು. ಪುಟ್ಟಿ ಹಿಂದಿನ ತುದಿಯಲ್ಲಿ ಎದ್ದು ನಿಂತು, ಬಾಯಿಗೆ ಎರಡೂ ಕೈ ಅಡ್ಡಹಿಡಿದು ಏನೋ ಕೂಗಿದಳು. ಉದ್ದ ಮಾತು. ಅಷ್ಟು ದೂರದಿಂದ ತುಟಿ ಕಾಣಲಿಲ್ಲ.

"ಏನಂದ್ಲು?" ಮಾವ ಕೇಳಿದ. ಎಷ್ಟೋ ದಿನದ ಮೇಲೆ ಅವನಾಗಿಯೇ ಕೇಳಿದ ಮೊದಲ ಮಾತು ಅದು.

ಅತ್ತೆ ಅವನ ಕಡೆ ತಿರುಗಿ ನಿಧಾನವಾಗಿ ಹೇಳಿದಳು. "ಮಳೆಗಾಲಕ್ಕೆ ಮುಂಚೆ ಬರ್ತೀನಿ ಅಂದ್ಲು. ಅಪ್ಪನ್ನ ಚೆನ್ನಾಗಿ ನೋಡ್ಕೋ ಅಂದ್ಲು."

ಅಷ್ಟುದ್ದದ ಕೂಗಿಗೆ ಇಷ್ಟೇ ಮಾತೇ? ನಿಜವಾಗಿ ಅಂದಳೋ, ಇವಳೇ ಕಟ್ಟಿ ಹೇಳಿದಳೋ? ಕೇಳಿಬಿಡೋಣ ಅನ್ನಿಸಿತು. ಕೇಳಿದರೂ ಉತ್ತರ ಬರಬೇಕಾದದ್ದು ಅದೇ ಬಾಯಿಂದ. ಇನ್ನು ಬದುಕಿರುವಷ್ಟು ದಿನ ಮಗಳ ದನಿ ಅವನಿಗೆ ಬರುವುದಿದ್ದರೆ ಈ ಒಂದೇ ಬಾಯಿಂದ. ನಂಬದೆ ಹೋಗಲು ಅವನಿಗೆ ಬೇರೆ ಊರಿರಲಿಲ್ಲ.

ಬಿಸಿಲಿರಲಿಲ್ಲ, ಮಳೆಯೂ ಇರಲಿಲ್ಲ. ಅತ್ತೆ ಕೊಡೆ ಬಿಚ್ಚಿ, ದೋಣಿಗೆ ಕಾಣುವ ಹಾಗೆ ತಲೆಯ ಮೇಲೆ ಎತ್ತಿ ಹಿಡಿದಳು. ಗಾಳಿಗೆ ಅದು ಎಳೆದಾಡಿತು. ಮಾವ ಹತ್ತಿರ ಸರಿದು ತಾನೂ ಹಿಡಿಗೆ ಕೈ ಕೊಟ್ಟ. ದೋಣಿ ಕಣ್ಮರೆಯಾಗುವವರೆಗೂ ಇಬ್ಬರೂ ಅದನ್ನು ಮುಚ್ಚಲಿಲ್ಲ.